ಖಾಲಿ ಮನೆ ಖಾಲಿಯಾದದ್ದು ಹೇಗೆ?

ಡೇಟಾ ಕೋಷ್ಟಕದಲ್ಲಿ ಬೆಲೆ ಇಲ್ಲದೆ ಉಳಿದ ಖಾಲಿ ಮನೆಗಳ ಬಗ್ಗೆ ಇವತ್ತಿನ ಮಾತು, ಅದನ್ನು ಒಂದು ಸೊನ್ನೆಯಿಂದ ಶುರು ಮಾಡುತ್ತೇನೆ. ಡೇಟಾ ವಿಶ್ಲೇಷಣೆ ಕಲಿಯಲು ಹೊರಟ ಬಹಳಷ್ಟು ಜನ ಒಂದಲ್ಲ ಒಂದು ದಿನ ತೆರೆದು ನೋಡುವ ಕೋಷ್ಟಕವೊಂದಿದೆ. ಅಮೆರಿಕದ ಅರಿಜೋನಾದ ಪೀಮಾ ಸಮುದಾಯದ 768 ಮಹಿಳೆಯರ ಆರೋಗ್ಯದ ವಿವರ ಅದು. ಕೊನೆಯ ಕಾಲಂನಲ್ಲಿ ಅವರಿಗೆ ಮಧುಮೇಹ ಇದೆಯೋ ಇಲ್ಲವೋ ಎಂಬುದಿದೆ. ಎಷ್ಟು ಜನ ಅದನ್ನು ಬಳಸಿದ್ದೀರಿ ಎಂದು ಕೇಳಿದ ಕೂಡಲೇ ಇಲ್ಲಿ ಅರ್ಧಕ್ಕೂ ಹೆಚ್ಚು ಕೈಗಳು ಮೇಲೆದ್ದವು. ಹಾಗಾದರೆ ಹೇಳಿ, ಅದರಲ್ಲಿ 35 ಮಹಿಳೆಯರ ರಕ್ತದೊತ್ತಡ ಸೊನ್ನೆ ಎಂದು ಬರೆದಿರುವುದನ್ನು ಎಷ್ಟು ಜನ ಗಮನಿಸಿದ್ದೀರಿ?

ರಕ್ತದೊತ್ತಡ ಸೊನ್ನೆ ಇರುವವರು ಬದುಕಿರುವುದಿಲ್ಲ. ಅದೇ ಕೋಷ್ಟಕದಲ್ಲಿ 11 ಜನರ ದೇಹತೂಕ ಸೂಚ್ಯಂಕ ಸೊನ್ನೆ, 5 ಜನರ ಗ್ಲೂಕೋಸ್ ಸೊನ್ನೆ, 227 ಜನರ ಚರ್ಮದ ಮಡಿಕೆಯ ದಪ್ಪ ಸೊನ್ನೆ, 374 ಜನರ ಇನ್ಸುಲಿನ್ ಸೊನ್ನೆ. ಇವು ಅಳತೆಗಳಲ್ಲ, ಅಳತೆ ಇಲ್ಲದ ಕಡೆ ಕೂತ ಅಂಕಿಗಳು. ಆ ಸೊನ್ನೆಗಳನ್ನು ನಂಬಿ ಇನ್ಸುಲಿನ್‌ನ ಸರಾಸರಿ ತೆಗೆದರೆ ಸುಮಾರು 80 ಬರುತ್ತದೆ. ಅವನ್ನು ಬದಿಗಿಟ್ಟು ನಿಜವಾಗಿ ಅಳತೆ ಮಾಡಿದ 394 ಜನರನ್ನಷ್ಟೇ ತೆಗೆದುಕೊಂಡರೆ 155 ದಾಟುತ್ತದೆ. ಒಂದೇ ಕಾಲಂ, ಹತ್ತಿರ ಹತ್ತಿರ ಎರಡು ಪಟ್ಟು ವ್ಯತ್ಯಾಸ. ಕಂಪ್ಯೂಟರ್ ಒಂದು ಸಲವೂ ತಕರಾರು ತೆಗೆಯುವುದಿಲ್ಲ, ಏಕೆಂದರೆ ಅದರ ಲೆಕ್ಕದಲ್ಲಿ ಸೊನ್ನೆಯೂ ಒಂದು ಸಂಖ್ಯೆಯೇ.

ಮಿಸ್ಸಿಂಗ್ ವ್ಯಾಲ್ಯೂ ಅಂದರೆ ಖಾಲಿ ಮನೆ ಎಂದುಕೊಂಡಿರುತ್ತೇವೆ. ಖಾಲಿಯಾಗಿಯೇ ಕಾಣಿಸಿಕೊಂಡರೆ ಅದು ನಮ್ಮ ಪುಣ್ಯ. ಬಹಳ ಸಲ ಅದು ವೇಷ ಹಾಕಿಕೊಂಡು ಬರುತ್ತದೆ. ವಯಸ್ಸಿನ ಕಾಲಂನಲ್ಲಿ 99, ಉಷ್ಣಾಂಶದ ಕಾಲಂನಲ್ಲಿ ಮೈನಸ್ 999, ದಿನಾಂಕದ ಕಾಲಂನಲ್ಲಿ 1900ರ ಜನವರಿ 1. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೇ ಇದು ಪೆಟ್ಟು ಕೊಟ್ಟಿತ್ತು. 250 ಜನರ ಸಮೀಕ್ಷೆ. ವಯಸ್ಸು ಹೇಳದ 10 ಜನರಿಗೆ 99 ಎಂದು ಹಾಕಿದ್ದರು. ನನಗೆ ಬಂದ ಸರಾಸರಿ ವಯಸ್ಸು 40.4. ನಂಬಬಹುದಾದ ಸಂಖ್ಯೆ, ಹಾಗಾಗಿ ನಂಬಿದೆ, ವರದಿಯೂ ಹೋಯಿತು. ವಾರವಾದ ಮೇಲೆ ಬೇರೆ ಯಾವುದಕ್ಕೋ ವಯಸ್ಸಿನ ಹಿಸ್ಟೋಗ್ರಾಮ್, ಅಂದರೆ ಯಾವ ವಯಸ್ಸಿನವರು ಎಷ್ಟು ಜನ ಎಂದು ತೋರಿಸುವ ಕಂಬಚಿತ್ರ, ಬರೆಸಿದೆ. 70ರ ಹೊತ್ತಿಗೆ ಕಂಬಗಳು ಇಳಿದು ನೆಲಕ್ಕೆ ಸೇರಿದ್ದವು, ಆಮೇಲೆ ಬಯಲು, ಬಯಲಿನ ತುದಿಯಲ್ಲಿ 99ರ ಮೇಲೆ ಒಂಟಿ ಕಂಬ. ನಿಜವಾದ ಸರಾಸರಿ 38 ಇತ್ತು. ಅಂದಿನಿಂದ ಯಾವ ಕಾಲಂ ಕೈಗೆ ಬಂದರೂ ಸರಾಸರಿ ತೆಗೆಯುವ ಮುಂಚೆ ಅದರ ಚಿತ್ರ ನೋಡುತ್ತೇನೆ, ಅತಿ ಚಿಕ್ಕ ಮತ್ತು ಅತಿ ದೊಡ್ಡ ಐದೈದು ಬೆಲೆಗಳನ್ನು ಕಣ್ಣಿಂದಲೇ ಓದುತ್ತೇನೆ.

ಇನ್ನು ಖಾಲಿ ಎಂದು ಸರಿಯಾಗಿ ಗುರುತಾದ ಮನೆಗಳನ್ನು ತಂತ್ರಾಂಶಗಳು ಹೇಗೆ ನೋಡುತ್ತವೆ ಎಂಬುದು. ಸಂಖ್ಯಾಶಾಸ್ತ್ರದ ಲೆಕ್ಕಕ್ಕೆಂದೇ ಇರುವ ಆರ್‌ನಲ್ಲಿ ಒಂದೇ ಒಂದು ಎನ್ಎ (ಬೆಲೆ ಇಲ್ಲ ಎಂಬ ಗುರುತು) ಇರುವ ಕಾಲಂನ ಸರಾಸರಿ ಕೇಳಿದರೂ ಉತ್ತರ ಎನ್ಎ ಎಂದೇ ಬರುತ್ತದೆ. ಹೊಸಬರಿಗೆ ಇದು ಕಿರಿಕಿರಿ, ನನಗೆ ಮಾತ್ರ ಆ ಹಟ ಬಹಳ ಇಷ್ಟ. ಗೊತ್ತಿಲ್ಲದ್ದನ್ನು ಸೇರಿಸಿದರೆ ಮೊತ್ತವೂ ಗೊತ್ತಿಲ್ಲ ಎನ್ನುವುದು ಪ್ರಾಮಾಣಿಕ ಉತ್ತರ. ಪೈಥಾನ್‌ನ ಪಾಂಡಾಸ್ ಎಂಬ ಕೋಷ್ಟಕ ಸಾಧನ ಹಾಗಲ್ಲ, ಖಾಲಿಯನ್ನು ಸದ್ದಿಲ್ಲದೆ ದಾಟಿಕೊಂಡು ಉಳಿದವುಗಳ ಸರಾಸರಿ ಕೊಡುತ್ತದೆ. ಎಸ್‌ಕ್ಯೂಎಲ್‌ (ಡೇಟಾಬೇಸ್‌ನಿಂದ ಮಾಹಿತಿ ಕೇಳುವ ಭಾಷೆ) ಕೂಡ ಹಾಗೆಯೇ, ಆದರೆ ಸಾಲುಗಳನ್ನು ಎಣಿಸಲು ಹೇಳಿದರೆ ಖಾಲಿಯಿರುವ ಸಾಲನ್ನೂ ಎಣಿಸುತ್ತದೆ. ಮೊತ್ತವನ್ನು ಆ ಎಣಿಕೆಯಿಂದ ಭಾಗಿಸಿದವರಿಗೆ ಬೇರೆಯೇ ಸರಾಸರಿ ಸಿಗುತ್ತದೆ. ಅದೇ ಆರ್, ರಿಗ್ರೆಶನ್ ಮಾಡಿ, ಅಂದರೆ ಕಾಲಂಗಳ ನಡುವಿನ ನಂಟನ್ನು ಗೆರೆಯಾಗಿ ಎಳೆದು ತೋರಿಸಿ ಎಂದರೆ ತನ್ನ ಹಟ ಬಿಟ್ಟು ಅಪೂರ್ಣ ಸಾಲುಗಳನ್ನೆಲ್ಲ ಕಿತ್ತುಹಾಕಿ, ಎಷ್ಟು ಕಿತ್ತೆ ಎಂಬುದನ್ನು ಫಲಿತಾಂಶದ ಕೆಳಗೆ ಒಂದು ಸಣ್ಣ ಸಾಲಿನಲ್ಲಿ ಹೇಳಿ ಸುಮ್ಮನಾಗುತ್ತದೆ. ಆ ಸಾಲನ್ನು ದಯವಿಟ್ಟು ಓದಿ.

ಸಾಲು ಕಿತ್ತುಹಾಕುವುದರ ಬೆಲೆ ಎಷ್ಟೆಂದು ಬಾಯಿಲೆಕ್ಕದಲ್ಲೇ ನೋಡೋಣ. 20 ಕಾಲಂ ಇವೆ, ಪ್ರತಿ ಕಾಲಂನಲ್ಲಿ ಶೇಕಡಾ 5 ಮಾತ್ರ ಖಾಲಿ, ಅವೂ ಒಂದಕ್ಕೊಂದು ಸಂಬಂಧವಿಲ್ಲದೆ ಚದುರಿವೆ ಎನ್ನಿ. ಶೇಕಡಾ 5 ಯಾವ ಲೆಕ್ಕ ಅನ್ನಿಸುತ್ತದೆ. ಆದರೆ 0.95ನ್ನು 20 ಸಲ ಗುಣಿಸಿದರೆ 0.36. ಅಂದರೆ ನೂರರಲ್ಲಿ 64 ಸಾಲು ಕಸದ ಬುಟ್ಟಿಗೆ. ಪೀಮಾ ಕೋಷ್ಟಕದಲ್ಲಿ ನಾನು ಹೇಳಿದ ಸೊನ್ನೆಗಳಿರುವ ಸಾಲುಗಳನ್ನೆಲ್ಲ ತೆಗೆದರೆ 768ರಲ್ಲಿ ಉಳಿಯುವುದು 392. ಒಬ್ಬ ಮಹಿಳೆಯ ಇನ್ಸುಲಿನ್ ಅಳೆಯಲಿಲ್ಲ ಎಂಬ ಕಾರಣಕ್ಕೆ ಆಕೆಯ ವಯಸ್ಸು, ತೂಕ, ಗ್ಲೂಕೋಸ್ ಎಲ್ಲವನ್ನೂ ಬಿಸಾಡಿದಂತಾಯಿತು.

ಹಾಗೆಂದು ಕಿತ್ತುಹಾಕುವುದು ಯಾವಾಗಲೂ ತಪ್ಪೇ? ಅಲ್ಲ. ಅದನ್ನು ತೀರ್ಮಾನಿಸುವುದು ಎಷ್ಟು ಖಾಲಿ ಎಂಬ ಪ್ರಮಾಣವಲ್ಲ, ಏಕೆ ಖಾಲಿ ಎಂಬ ಕಾರಣ. ನಾನು ಇಲ್ಲಿಗೆ ಬಂದದ್ದೇ ಈ ಮಾತು ಹೇಳಲು. ಅದಕ್ಕೆ ಹಲಗೆಯ ಮೇಲೆ ಹತ್ತು ವಿದ್ಯಾರ್ಥಿಗಳ ಅಂಕ ಬರೆಯುತ್ತಿದ್ದೇನೆ, ನೀವೂ ಬರೆದುಕೊಳ್ಳಿ. ಮೊದಲ ಪರೀಕ್ಷೆಯಲ್ಲಿ 30, 35, 40, 45, 50, 55, 60, 65, 70, 75. ಇದೇ ಕ್ರಮದಲ್ಲಿ ಎರಡನೇ ಪರೀಕ್ಷೆಯಲ್ಲಿ 34, 33, 46, 44, 52, 58, 57, 62, 71, 77. ಎರಡನೆಯದರ ಸರಾಸರಿ 53.4. ಇದು ಸತ್ಯ, ದೇವರಿಗೆ ಮಾತ್ರ ಗೊತ್ತಿರುವ ಸಂಖ್ಯೆ ಎಂದುಕೊಳ್ಳಿ. ನಮ್ಮ ಕೈಗೆ ಬರುವ ಕೋಷ್ಟಕದಲ್ಲಿ ಎರಡನೇ ಪರೀಕ್ಷೆಯ ಮೂರು ಅಂಕಗಳು ಖಾಲಿ.

ಒಂದು ಸಂದರ್ಭ: ಮೇಜಿನ ಮೇಲೆ ನೀರು ಚೆಲ್ಲಿ ಮೂರು ಉತ್ತರಪತ್ರಿಕೆ ಹಾಳಾದವು. ನೀರಿಗೆ ಜಾಣರು ದಡ್ಡರು ಗೊತ್ತಿಲ್ಲ. 33, 57, 71 ಹೋದವು ಎನ್ನಿ. ಉಳಿದ ಏಳರ ಸರಾಸರಿ 53.3. ಏನೂ ಆಗಿಲ್ಲ, ಮೂರು ಜನರ ಮಾಹಿತಿ ಕಡಿಮೆಯಾಯಿತು ಅಷ್ಟೇ.

ಎರಡನೆಯ ಸಂದರ್ಭ: ಮೊದಲ ಪರೀಕ್ಷೆಯಲ್ಲಿ 65 ಅಥವಾ ಅದಕ್ಕಿಂತ ಹೆಚ್ಚು ಬಂದವರು ಎರಡನೆಯದನ್ನು ಬರೆಯಬೇಕಿಲ್ಲ ಎಂದು ನಿಯಮ. ಈಗ 62, 71, 77 ಖಾಲಿ. ಉಳಿದವರ ಸರಾಸರಿ 46.3ಕ್ಕೆ ಕುಸಿಯಿತು. ಆದರೆ ಖಾಲಿಯಾಗಲು ಕಾರಣವಾದ ಸಂಗತಿ, ಅಂದರೆ ಮೊದಲ ಪರೀಕ್ಷೆಯ ಅಂಕ, ನಮ್ಮ ಕೈಯಲ್ಲೇ ಇದೆ. ಬರೆದ ಏಳು ಜನರಲ್ಲಿ ಎರಡು ಪರೀಕ್ಷೆಗಳ ನಂಟು ಹೇಗಿದೆ ಎಂದು ಒಂದು ಗೆರೆ ಎಳೆದು ನೋಡಿ, ಅದೇ ಗೆರೆಯನ್ನು ಮುಂದಕ್ಕೆ ಎಳೆದರೆ ಬರೆಯದ ಮೂವರಿಗೆ 64.1, 68.6, 73.1 ಬರುತ್ತದೆ. ಒಂದು ಸತ್ಯಕ್ಕಿಂತ ಸ್ವಲ್ಪ ಹೆಚ್ಚು, ಎರಡು ಸ್ವಲ್ಪ ಕಡಿಮೆ. ಅವನ್ನು ಸೇರಿಸಿದರೆ ಸರಾಸರಿ 53.0. ಕಳೆದುಕೊಂಡದ್ದು ಹತ್ತಿರ ಹತ್ತಿರ ಪೂರ್ತಿ ವಾಪಸ್ ಬಂತು.

ಮೂರನೆಯದು: ನಿಯಮ ಏನೂ ಇಲ್ಲ. ತಯಾರಿ ಆಗಿಲ್ಲ, ಬರೆದರೆ ಕೆಟ್ಟದಾಗುತ್ತದೆ ಎಂದು ಒಳಗೊಳಗೇ ಗೊತ್ತಿದ್ದ ಮೂವರು ಬರಲೇ ಇಲ್ಲ. ಖಾಲಿಯಾದವು 34, 33, 44. ಉಳಿದವರ ಸರಾಸರಿ 60.4. ಇಲ್ಲೂ ಗೆರೆ ಎಳೆದು ತುಂಬಿ ನೋಡಿ: 35.3, 39.6, 48.2. ಮೂರೂ ಸತ್ಯಕ್ಕಿಂತ ಮೇಲೆ. ಸರಾಸರಿ 54.6. ಗೆರೆ ಎಳೆದದ್ದು ಬಂದವರನ್ನು ನೋಡಿ, ತುಂಬಿದ್ದು ಬಾರದವರಿಗೆ. ಅವರು ಬಾರದೇ ಇದ್ದದ್ದಕ್ಕೆ ಕಾರಣವೇ ಅವರ ಆ ಅಂಕ. ಆ ಅಂಕ ನಮ್ಮ ಕೋಷ್ಟಕದಲ್ಲಿ ಎಲ್ಲೂ ಇಲ್ಲ. ಇಲ್ಲಿ ಎರಡು ಪರೀಕ್ಷೆಗಳ ನಂಟು ಗಟ್ಟಿಯಾಗಿರುವುದರಿಂದ ತಪ್ಪು ಸಣ್ಣದಾಗಿ ಕಾಣುತ್ತಿದೆ. ನಂಟು ಸಡಿಲವಾಗಿದ್ದರೆ 60ರ ಆಸುಪಾಸಿನಲ್ಲೇ ಸಿಕ್ಕಿಬೀಳುತ್ತಿದ್ದೆವು.

ಈ ಮೂರರ ವ್ಯತ್ಯಾಸವನ್ನು ಗಣಿತದಲ್ಲಿ ಕೂರಿಸಿದ್ದು ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್, 1976ರ ಬಯೋಮೆಟ್ರಿಕಾ ಪತ್ರಿಕೆಯ ಲೇಖನದಲ್ಲಿ. ನೀರು ಚೆಲ್ಲಿದ್ದನ್ನು ಇಂದು ಎಂಸಿಎಆರ್ (ಮಿಸ್ಸಿಂಗ್ ಕಂಪ್ಲೀಟ್ಲಿ ಅಟ್ ರ್‍ಯಾಂಡಮ್) ಎನ್ನುತ್ತಾರೆ, ವಿನಾಯಿತಿಯ ನಿಯಮವನ್ನು ಎಂಎಆರ್, ಬಾರದೇ ಉಳಿದದ್ದನ್ನು ಮಿಸ್ಸಿಂಗ್ ನಾಟ್ ಅಟ್ ರ್‍ಯಾಂಡಮ್, ಅಂದರೆ ಎಂಎನ್‌ಎಆರ್. ಎರಡನೆಯದರ ಹೆಸರು ಮಿಸ್ಸಿಂಗ್ ಅಟ್ ರ್‍ಯಾಂಡಮ್. ಅದರಷ್ಟು ದಾರಿ ತಪ್ಪಿಸುವ ಹೆಸರು ನಮ್ಮ ಶಾಸ್ತ್ರದಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಕೇಳಿದವರಿಗೆ ಯದ್ವಾತದ್ವಾ ಖಾಲಿಯಾಗಿದೆ ಎಂಬ ಅರ್ಥ ಬರುತ್ತದೆ. ನಿಜವಾದ ಅರ್ಥ ಬೇರೆ: ಕಾಣುತ್ತಿರುವ ಮಾಹಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಖಾಲಿಯಾಗುವುದಕ್ಕೂ ಕಾಣದ ಬೆಲೆಗೂ ಬೇರೆ ಸಂಬಂಧ ಉಳಿದಿಲ್ಲ.

ಈಗ ನೀವು ಕೇಳಬೇಕಾದ ಪ್ರಶ್ನೆ: ನನ್ನ ಡೇಟಾ ಎರಡನೆಯದೋ ಮೂರನೆಯದೋ ಎಂದು ಪರೀಕ್ಷೆ ಮಾಡಿ ತಿಳಿಯಬಹುದೇ? ಇಲ್ಲ. ಯಾವ ತಂತ್ರಾಂಶದಿಂದಲೂ ಆಗದು. ಮೊದಲನೆಯದು ಅಲ್ಲ ಎಂಬುದಕ್ಕೆ ಡೇಟಾದಲ್ಲೇ ಸಾಕ್ಷಿ ಸಿಗಬಹುದು. ಖಾಲಿ ಇರುವವರ ಮತ್ತು ಇಲ್ಲದವರ ಮೊದಲ ಪರೀಕ್ಷೆಯ ಅಂಕ ಹೋಲಿಸಿದರೆ ಸಾಕು. ಎರಡು ಮತ್ತು ಮೂರನ್ನು ಬೇರ್ಪಡಿಸಲು ಬೇಕಾದ ಸಾಕ್ಷಿ ಮಾತ್ರ ಆ ಖಾಲಿ ಮನೆಯೊಳಗೇ ಇರುತ್ತದೆ. ಹಾಗಾಗಿ ಕುರ್ಚಿಯಿಂದ ಏಳಬೇಕು. ಡೇಟಾ ಸಂಗ್ರಹಿಸಿದವರ ಹತ್ತಿರ ಹೋಗಿ ಕೇಳಬೇಕು: ಈ ಕಾಲಂ ಯಾರು ತುಂಬಿದರು, ಯಾವಾಗ ತುಂಬಲಿಲ್ಲ, ಉತ್ತರ ಕೊಡದವರು ಏನೆಂದು ಹೇಳಿ ಕೊಡಲಿಲ್ಲ.

ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಏಕೆಂದರೆ ಖಾಲಿ ಮನೆ ಅಂದಾಗಲೆಲ್ಲ ನನಗೆ ನೆನಪಾಗುವುದು 1986ರ ಜನವರಿ 27ರ ರಾತ್ರಿ. ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಮರುದಿನ ಬೆಳಗ್ಗೆ ಹಾರಬೇಕು. ವಿಪರೀತ ಚಳಿ. ರಾಕೆಟ್ಟಿನ ತುಂಡುಗಳ ನಡುವಿನ ರಬ್ಬರ್ ಓ-ರಿಂಗ್‌ಗಳು ಚಳಿಯಲ್ಲಿ ಕೈಕೊಡಬಹುದು, ಹಾರಿಸಬೇಡಿ ಎಂದು ಎಂಜಿನಿಯರ್‌ಗಳು ದೂರವಾಣಿ ಸಭೆಯಲ್ಲಿ ವಾದಿಸಿದರು. ಉಷ್ಣಾಂಶಕ್ಕೂ ಹಾನಿಗೂ ನಂಟಿದೆಯೇ ಎಂದು ನೋಡಲು ಎದುರಿಗಿಟ್ಟುಕೊಂಡದ್ದು ಓ-ರಿಂಗ್‌ಗೆ ಹಾನಿಯಾಗಿದ್ದ ಹಾರಾಟಗಳನ್ನು ಮಾತ್ರ. ಅವು ಏಳು; 53 ಡಿಗ್ರಿ ಫ್ಯಾರನ್‌ಹೀಟ್‌ನಲ್ಲೂ ಹಾನಿ, 75 ಡಿಗ್ರಿಯಲ್ಲೂ ಹಾನಿ. ನಂಟು ಕಾಣಲಿಲ್ಲ. ಹಾನಿಯಾಗದ ಹಾರಾಟಗಳು ಚಿತ್ರದಲ್ಲಿ ಇರಲೇ ಇಲ್ಲ. ತನಿಖಾ ಆಯೋಗ ಆಮೇಲೆ ಅವನ್ನೂ ಸೇರಿಸಿ ಎಣಿಸಿತು. 66 ಡಿಗ್ರಿ ಅಥವಾ ಅದಕ್ಕಿಂತ ಬೆಚ್ಚಗಿದ್ದ 20 ಹಾರಾಟಗಳಲ್ಲಿ 3ರಲ್ಲಿ ಹಾನಿ. 63 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿದ್ದದ್ದು 4, ನಾಲ್ಕರಲ್ಲೂ ಹಾನಿ. ಹಾರಿದ ಬೆಳಗ್ಗೆ ಇದ್ದದ್ದು 36 ಡಿಗ್ರಿ. 73 ಸೆಕೆಂಡಿನಲ್ಲಿ ನೌಕೆ ಒಡೆಯಿತು, ಏಳು ಜನ ತೀರಿಕೊಂಡರು. ಆ ಸಾಲುಗಳು ಕಳೆದುಹೋಗಿರಲಿಲ್ಲ. ಹಾನಿಯಾಗಿಲ್ಲವಲ್ಲ, ಹೇಳುವುದೇನಿದೆ ಎಂದು ಬಿಟ್ಟದ್ದು. ಯಾವ ಸಾಲು ಬಿಡಬೇಕು ಎಂಬುದನ್ನು ಫಲಿತಾಂಶವೇ ಆರಿಸುವಂತಾದರೆ, ಕೋಷ್ಟಕದಲ್ಲಿ ಒಂದೂ ಖಾಲಿ ಮನೆ ಇಲ್ಲದೆಯೂ ಇಂಥ ಅನಾಹುತ ಆಗುತ್ತದೆ.

ಮತ್ತೆ ಹಲಗೆಗೆ ಬರೋಣ. ತುಂಬುವುದು ಎಂದಾಗ ಎಲ್ಲರೂ ಮೊದಲು ಮಾಡುವುದು ಸರಾಸರಿ ಹಾಕುವುದು. ಒಂದೇ ಸಾಲಿನ ಕೋಡ್, ಕೋಷ್ಟಕ ಥಳಥಳ. ನಾನು ಇದನ್ನು ಒಪ್ಪುವುದಿಲ್ಲ, ಏಕೆಂದು ತೋರಿಸುತ್ತೇನೆ. ಎಂಟು ಅಳತೆ ಆಗಬೇಕಿತ್ತು, ಐದು ಆಗಿವೆ: 4, 6, 8, 10, 12. ಸರಾಸರಿ 8, ವೇರಿಯನ್ಸ್ (ಅಳತೆಗಳು ಎಷ್ಟು ಚದುರಿವೆ ಎಂಬ ಸಂಖ್ಯೆ) 10, ಸರಾಸರಿಯ ಸ್ಟ್ಯಾಂಡರ್ಡ್ ಎರರ್ (ಆ ಸರಾಸರಿ ಎಷ್ಟು ಅತ್ತಿತ್ತ ಇರಬಹುದು ಎಂಬ ಅಂದಾಜು) 1.41. ಖಾಲಿಯಿರುವ ಮೂರಕ್ಕೂ 8 ಹಾಕಿ. ಸರಾಸರಿ ಅದೇ 8. ವೇರಿಯನ್ಸ್ 5.7ಕ್ಕೆ ಇಳಿಯಿತು, ಸ್ಟ್ಯಾಂಡರ್ಡ್ ಎರರ್ 0.85ಕ್ಕೆ. ಹೊಸದಾಗಿ ಒಂದೇ ಒಂದು ಅಳತೆ ಮಾಡಿಲ್ಲ, ಆದರೂ ನಮ್ಮ ಖಚಿತತೆ ಹೆಚ್ಚಾಗಿಬಿಟ್ಟಿತು! ಎಲ್ಲಿಂದ ಬಂತು? ನಾವೇ ಹುಟ್ಟಿಸಿದ್ದು. ಇದರ ಮೇಲೆ ಪಿ-ವ್ಯಾಲ್ಯೂ (ಪರಿಣಾಮವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಾಧ್ಯತೆ) ತೆಗೆದು ಪರಿಣಾಮ ಇದೆ ಎಂದು ಹೇಳುವುದು ಓದುವವರಿಗೆ ಮಾಡುವ ಮೋಸ, ಉದ್ದೇಶ ಇಲ್ಲದಿದ್ದರೂ.

ಗೆರೆ ಎಳೆದು ತುಂಬುವುದು ಇದಕ್ಕಿಂತ ಮೇಲು, ಆದರೆ ಅದಕ್ಕೂ ಇದೇ ರೋಗ ಬೇರೆ ರೂಪದಲ್ಲಿದೆ. ನಿಜವಾದ ಅಂಕಗಳು ಗೆರೆಯ ಅಕ್ಕಪಕ್ಕ ಚದುರಿರುತ್ತವೆ, ನಾವು ತುಂಬಿದವು ನೂಲು ಹಿಡಿದಂತೆ ಗೆರೆಯ ಮೇಲೇ ಕೂರುತ್ತವೆ. ನಂಟು ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಕ್ಲಿನಿಕಲ್ ಟ್ರಯಲ್‌ಗಳಲ್ಲಿ ಬಹಳ ಕಾಲ ನಡೆದುಬಂದ ಇನ್ನೊಂದು ಪದ್ಧತಿ, ರೋಗಿ ಕೊನೆಯ ಸಲ ಬಂದಾಗಿನ ಅಳತೆಯನ್ನೇ ಮುಂದಿನ ಎಲ್ಲ ಭೇಟಿಗಳಿಗೂ ಎಳೆದುಕೊಂಡು ಹೋಗುವುದು. ಚಿಕಿತ್ಸೆ ಬಿಟ್ಟುಹೋದ ದಿನವೇ ಆ ಮನುಷ್ಯನ ಕಾಯಿಲೆ ನಿಂತಲ್ಲೇ ನಿಂತಿತು ಎಂದು ಊಹಿಸಿದಂತೆ. ಅಮೆರಿಕದ ನ್ಯಾಷನಲ್ ರಿಸರ್ಚ್ ಕೌನ್ಸಿಲ್ 2010ರ ವರದಿಯಲ್ಲಿ, ಗಟ್ಟಿ ಸಮರ್ಥನೆ ಇಲ್ಲದೆ ಇದನ್ನು ಮುಖ್ಯ ವಿಧಾನವಾಗಿ ಬಳಸಬಾರದು ಎಂದು ಹೇಳಿತು.

ಹಾಗಾದರೆ ದಾರಿ? ರೂಬಿನ್ ಅವರೇ ಕೊಟ್ಟದ್ದು, 1987ರಲ್ಲಿ ಪುಸ್ತಕವಾಗಿ ಬಂದದ್ದು: ಮಲ್ಟಿಪಲ್ ಇಂಪ್ಯುಟೇಶನ್. ಗೊತ್ತಿಲ್ಲದ ಮನೆಗೆ ಒಂದೇ ಬೆಲೆ ಹಾಕಿ ಗೊತ್ತಿದ್ದವರಂತೆ ನಡೆದುಕೊಳ್ಳುವ ಬದಲು, ಇರಬಹುದಾದ ಹಲವು ಬೆಲೆಗಳನ್ನು ಹಾಕಿ ಹಲವು ಪೂರ್ಣ ಕೋಷ್ಟಕ ಮಾಡುವುದು. ಪ್ರತಿ ಸಲವೂ ಗೆರೆಯನ್ನೇ ಸ್ವಲ್ಪ ಅಲುಗಿಸಿ, ಅದರ ಮೇಲೆ ನಿಜವಾದ ಚದುರುವಿಕೆಯಷ್ಟು ಏರುಪೇರು ಸೇರಿಸಿ ತುಂಬುತ್ತಾರೆ. ಪ್ರತಿ ಕೋಷ್ಟಕದ ವಿಶ್ಲೇಷಣೆ ಬೇರೆ ಬೇರೆಯಾಗಿ ಮಾಡಿ ಕೊನೆಗೆ ಒಟ್ಟುಗೂಡಿಸುತ್ತಾರೆ.

ಒಟ್ಟುಗೂಡಿಸುವ ಲೆಕ್ಕ ಸುಲಭ, ಮಾಡಿಯೇ ಬಿಡೋಣ. ಐದು ಕೋಷ್ಟಕಗಳಿಂದ ಬಂದ ಉತ್ತರ 52, 55, 50, 54, 49 ಎನ್ನಿ. ಅಂತಿಮ ಉತ್ತರ ಇವುಗಳ ಸರಾಸರಿ, 52. ಪ್ರತಿ ಕೋಷ್ಟಕವೂ ತನ್ನ ಮಟ್ಟಿಗೆ ಉತ್ತರದ ವೇರಿಯನ್ಸ್ 4 ಎನ್ನುತ್ತಿದೆ, ಅಂದರೆ ಅದರ ವರ್ಗಮೂಲವಾದ ಸ್ಟ್ಯಾಂಡರ್ಡ್ ಎರರ್ 2. ಆದರೆ ಐದು ಉತ್ತರಗಳೂ ತಮ್ಮತಮ್ಮಲ್ಲೇ ಒಪ್ಪುತ್ತಿಲ್ಲವಲ್ಲ, ಆ ಭಿನ್ನಾಭಿಪ್ರಾಯದ ವೇರಿಯನ್ಸ್ 6.5. ಕೋಷ್ಟಕ ಐದೇ ಇರುವುದಕ್ಕೆ ಅದನ್ನು 1.2ರಿಂದ ಗುಣಿಸಿ 4ಕ್ಕೆ ಸೇರಿಸಿದರೆ 11.8. ನಿಜವಾದ ಸ್ಟ್ಯಾಂಡರ್ಡ್ ಎರರ್ 3.4. ಒಂದೇ ಸಲ ತುಂಬಿ ಮುಗಿಸಿದ್ದರೆ 2 ಎಂದು ಹೇಳುತ್ತಿದ್ದೆವು. ಖಾಲಿ ಮನೆಗಳಿಂದಾಗಿ ನಮಗೆ ಎಷ್ಟು ಗೊತ್ತಿಲ್ಲ ಎಂಬುದು ಆ ವ್ಯತ್ಯಾಸದಲ್ಲಿದೆ. ಈ ವಿಧಾನದ ಮೇಲೆ ನನಗಿರುವ ಪ್ರೀತಿಗೆ ಕಾರಣವೇ ಅದು.

ಎಷ್ಟು ಕೋಷ್ಟಕ ಬೇಕು? ಹಿಂದೆ 3ರಿಂದ 5 ಸಾಕು ಎನ್ನುತ್ತಿದ್ದರು. ಈಗ ಶೇಕಡಾ ಎಷ್ಟು ಸಾಲು ಅಪೂರ್ಣವೋ ಸುಮಾರು ಅಷ್ಟು ಮಾಡಿ ಎನ್ನುವುದು ರೂಢಿ. ಆರ್‌ನಲ್ಲಿ ಮೈಸ್ ಎಂಬ ಪ್ಯಾಕೇಜ್ ಇದನ್ನೆಲ್ಲ ಮಾಡಿಕೊಡುತ್ತದೆ. ಬಳಸುವಾಗ ಒಂದು ತಪ್ಪು ಮಾತ್ರ ಮಾಡಬೇಡಿ. ನೀವು ಕೊನೆಗೆ ವಿವರಿಸಬೇಕೆಂದಿರುವ ಫಲಿತಾಂಶದ ಕಾಲಂ ಇದೆಯಲ್ಲ, ತುಂಬುವ ಲೆಕ್ಕದ ಮಾದರಿಯಿಂದ (ಮಾಡೆಲ್) ಅದನ್ನು ಹೊರಗಿಡಬೇಡಿ. ಒಳಗಿಟ್ಟರೆ ಮೋಸವಾದೀತು ಎಂದು ಬಹಳ ಜನ ಹೆದರುತ್ತಾರೆ. ನಿಜ ಅದಕ್ಕೆ ವಿರುದ್ಧ: ಹೊರಗಿಟ್ಟರೆ, ತುಂಬಿದ ಬೆಲೆಗಳಿಗೂ ಫಲಿತಾಂಶಕ್ಕೂ ನಂಟೇ ಇಲ್ಲವೆಂದು ನೀವೇ ಬರೆದುಕೊಟ್ಟಂತಾಗಿ ಪರಿಣಾಮ ಸೊನ್ನೆಯ ಕಡೆಗೆ ಕುಗ್ಗುತ್ತದೆ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ: ಮಷೀನ್ ಲರ್ನಿಂಗ್‌ನಲ್ಲಿ ನಮಗೆ ಬೇಕಾದದ್ದು ಮುನ್ಸೂಚನೆ ಮಾತ್ರ, ಅಲ್ಲೂ ಇಷ್ಟೆಲ್ಲ ಬೇಕೇ ಅಂತ. ಅಷ್ಟು ಬೇಕಿಲ್ಲ. ಅಲ್ಲಿ ಖಾಲಿ ಇರುವುದೇ ಸುಳಿವಾಗಬಹುದು. ವೈದ್ಯರು ಒಂದು ಪರೀಕ್ಷೆಯನ್ನು ಬರೆದುಕೊಡಲಿಲ್ಲ ಎಂದರೆ ರೋಗಿ ಅವರ ಕಣ್ಣಿಗೆ ಆರೋಗ್ಯವಾಗಿಯೇ ಕಂಡಿದ್ದಾನೆ ಎಂದು ಅರ್ಥವಿರಬಹುದು. ಖಾಲಿಯೇ ಅಲ್ಲವೇ ಎಂದು ಸೂಚಿಸುವ ಒಂದು ಕಾಲಂ ಸೇರಿಸಿದರೆ ಮಾದರಿ ಅದನ್ನು ಕಲಿಯುತ್ತದೆ. ಆದರೆ ನಾಳೆ ಆಸ್ಪತ್ರೆಯ ಪದ್ಧತಿ ಬದಲಾಗಿ ಎಲ್ಲರಿಗೂ ಆ ಪರೀಕ್ಷೆ ಮಾಡಿಸಿದರೆ ಆ ಸುಳಿವು ಸುಳ್ಳಾಗುತ್ತದೆ. ಇನ್ನೊಂದು, ತುಂಬಲು ಬಳಸುವ ಸರಾಸರಿಯನ್ನೋ ಗೆರೆಯನ್ನೋ ಮಾದರಿಗೆ ಕಲಿಸಲು ಬಳಸುವ ತರಬೇತಿಯ ಡೇಟಾದಿಂದ ಮಾತ್ರ ಕಲಿಯಿರಿ. ಇಡೀ ಕೋಷ್ಟಕವನ್ನು ಮೊದಲೇ ತುಂಬಿ ಆಮೇಲೆ ಭಾಗ ಮಾಡಿದರೆ ಮಾದರಿಯನ್ನು ಪರೀಕ್ಷಿಸಲೆಂದು ಎತ್ತಿಟ್ಟ ಡೇಟಾ ಮುಂಚಿತವಾಗಿಯೇ ಸೋರಿಹೋಗಿರುತ್ತದೆ.

ಉಳಿದದ್ದು ಆ ಮೂರನೆಯ ಸಂದರ್ಭ, ಪರೀಕ್ಷೆಗೆ ಬಾರದೇ ಉಳಿದ ಮೂವರು. ಮಲ್ಟಿಪಲ್ ಇಂಪ್ಯುಟೇಶನ್ ಕೂಡ ಸಾಮಾನ್ಯವಾಗಿ ಎಂಎಆರ್ ಎಂದು ನಂಬಿಯೇ ಹೊರಡುತ್ತದೆ. ಹಾಗಾಗಿ ನಂಬಿಕೆಯನ್ನೇ ಅಲುಗಿಸಿ ನೋಡಬೇಕು. ನಮ್ಮ ಪ್ರಶ್ನೆ ಇದು ಎಂದಿಟ್ಟುಕೊಳ್ಳಿ: ಮೊದಲ ಪರೀಕ್ಷೆಗಿಂತ ಎರಡನೆಯದರಲ್ಲಿ ತರಗತಿ ಸುಧಾರಿಸಿತೇ? ಮೊದಲನೆಯದರ ಸರಾಸರಿ 52.5. ಗೆರೆ ಎಳೆದು ತುಂಬಿದಾಗ ಎರಡನೆಯದು 54.6, ಅಂದರೆ 2.1 ಏರಿಕೆ. ಬಾರದ ಮೂವರೂ ಗೆರೆ ಹೇಳಿದ್ದಕ್ಕಿಂತ 5 ಅಂಕ ಕಡಿಮೆ ತೆಗೆಯುತ್ತಿದ್ದರು ಎಂದುಕೊಂಡರೆ ಸರಾಸರಿ 53.1, ಏರಿಕೆ ಇನ್ನೂ ಉಳಿದಿದೆ, ಕೂದಲೆಳೆಯಷ್ಟು. 10 ಅಂಕ ಕಡಿಮೆ ಎಂದರೆ 51.6, ತರಗತಿ ಹಿಂದೆ ಬಿತ್ತು. ತೀರ್ಮಾನ ಮಗುಚುವ ಜಾಗ ಸುಮಾರು 7 ಅಂಕ.

ಆ 7 ಹೆಚ್ಚೋ ಕಡಿಮೆಯೋ ಎಂದು ಲೆಕ್ಕದಿಂದ ತಿಳಿಯದು. ಆ ಮೂವರಿಗೆ ಪಾಠ ಹೇಳಿದ ಮೇಷ್ಟ್ರು ಹೇಳಬಲ್ಲರು. ಅವರನ್ನು ಕೇಳಿಕೊಂಡು ಬಂದು ನಾನಾದರೆ ವರದಿಯಲ್ಲಿ ಹೀಗೆ ಬರೆಯುತ್ತೇನೆ: "10 ವಿದ್ಯಾರ್ಥಿಗಳಲ್ಲಿ 3 ಜನ ಎರಡನೇ ಪರೀಕ್ಷೆ ಬರೆದಿಲ್ಲ. ಅವರ ಅಂಕವನ್ನು ಮೊದಲ ಪರೀಕ್ಷೆಯ ಆಧಾರದ ಮೇಲೆ ಅಂದಾಜಿಸಲಾಗಿದೆ. ಅವರು ಈ ಅಂದಾಜಿಗಿಂತ ಸರಾಸರಿ 7ಕ್ಕೂ ಹೆಚ್ಚು ಅಂಕ ಕಡಿಮೆ ಗಳಿಸುತ್ತಿದ್ದರು ಎಂದಾದರೆ ಸುಧಾರಣೆ ಆಗಿದೆ ಎಂಬ ಮಾತು ನಿಲ್ಲುವುದಿಲ್ಲ."